ಆಲಿಕಲ್ಲು ಬಿದ್ದ ಶುಕ್ರವಾರ

ದಮಯಂತಿ ಮೂಲ್ಕಿಯ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾದ ಮೇಲೆ ಎಂಟು ಚಳಿಗಾಲ ಗಂಡನನ್ನು ಹಿಮಕ್ಕೆ ಬಿಟ್ಟುಕೊಟ್ಟಿದ್ದಳು. ಆದರೆ ಹಿಮವನ್ನು ಒಂದು ಸಲವೂ ಕಂಡಿರಲಿಲ್ಲ. ಗಂಡ ದೂಮಪ್ಪ ಆಗ ಸೇನೆಯಲ್ಲಿದ್ದ. ಹಿಮಾಚಲದ ಒಂದು ಘಾಟಿಯ ತಲೆಯಲ್ಲಿ ಮೂವರೇ ಇರುವ ಠಾಣೆ. ಬೆಳಿಗ್ಗೆ ಎದ್ದು ಹಿಮದಲ್ಲಿ ಆಳೆತ್ತರದ ಗುಂಡಿ ತೋಡಬೇಕು, ಅದರ ಪದರುಗಳನ್ನು ಬೆರಳಿನಿಂದ ಒತ್ತಿ ನೋಡಬೇಕು, ಇವತ್ತು ಕೆಳಗಿನ ರಸ್ತೆಯಲ್ಲಿ ಲಾರಿಗಳು ಹೋಗಬಹುದೇ ಬೇಡವೇ ಎಂದು ಫೋನಿನಲ್ಲಿ ಹೇಳಬೇಕು. ಅಷ್ಟೇ ಅವನ ಕೆಲಸ.

ಅವನು ಪತ್ರಗಳಲ್ಲಿ ಪ್ರೀತಿಯ ಮಾತು ಬರೆದವನಲ್ಲ. ಬರೆಯುತ್ತಿದ್ದುದೆಲ್ಲ ಹಿಮದ ಬಗ್ಗೆಯೇ. ಮೇಲಿನ ಪದರು ಹಿಟ್ಟಿನ ಹಾಗೆ, ಅದರ ಕೆಳಗಿನದು ಸಕ್ಕರೆಯ ಹಾಗೆ. ಸಕ್ಕರೆಯ ಹಾಗಿರುವುದೇ ಕೆಟ್ಟದ್ದು, ಅದು ಮೇಲಿನದನ್ನು ಹಿಡಿದುಕೊಳ್ಳುವುದಿಲ್ಲ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಕಲ್ಲಿನಷ್ಟು ಗಟ್ಟಿ, ಹತ್ತು ಗಂಟೆಯ ಬಿಸಿಲು ತಾಗಿದ ಮೇಲೆ ಗಂಜಿ. ಇಳಿಜಾರಿನಲ್ಲಿ ಸಣ್ಣ ಸಣ್ಣ ಉಂಡೆಗಳು ತಾವಾಗಿಯೇ ಉರುಳತೊಡಗಿದರೆ ಅಲ್ಲಿ ಒಂದು ಕ್ಷಣವೂ ನಿಲ್ಲಬಾರದು. ಒಂದು ಪತ್ರದಲ್ಲಿ ಹೀಗಿತ್ತು: ‘ನಿನ್ನೆ ನಡೆಯುತ್ತಿದ್ದಾಗ ಕಾಲ ಕೆಳಗಿನ ಬಯಲು ಪೂರಾ ವುಂಫ್ ಎಂದು ಕುಸಿದು ಕೂತಿತು, ನೆಲದಡಿಯಲ್ಲಿ ದೊಡ್ಡದೊಂದು ಎಮ್ಮೆ ಮಲಗಿದ ಹಾಗೆ.’ ಆ ಪತ್ರ ಬಂದ ದಿನ ದಮಯಂತಿಗೆ ಕನಸು ಬಿತ್ತು. ಮೂಲ್ಕಿಯ ಮರಳ ದಂಡೆ ಉದ್ದಕ್ಕೂ ಬಿಳಿ. ದೋಣಿಗಳ ಮೇಲೆ ಮೊಣಕಾಲುದ್ದ ಏನೋ ಬಿದ್ದಿದೆ. ಅಲೆಗಳು ಶಬ್ದವಿಲ್ಲದೆ ಬರುತ್ತಿವೆ, ಶಬ್ದವಿಲ್ಲದೆ ಹಿಂದೆ ಹೋಗುತ್ತಿವೆ. ಆಮೇಲೆ ಮೂವತ್ತು ವರ್ಷ ಆ ಕನಸು ಅವಳನ್ನು ಬಿಡಲಿಲ್ಲ. ಮಸ್ಕತ್ತಿಗೆ ಬಂದು, ದಾರ್ಸೈಟಿನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಎಸಿಯ ಗುಂಯ್ ಎನ್ನುವ ಸದ್ದಿನ ಕೆಳಗೆ ಮಲಗಿದಾಗಲೂ ವರ್ಷಕ್ಕೆ ಒಂದೆರಡು ಸಲ ಬರುತ್ತಿತ್ತು.

ಸೇನೆ ಬಿಟ್ಟ ಮೇಲೆ ದೂಮಪ್ಪ ಒಮಾನಿನಲ್ಲಿ ಎಣ್ಣೆ ಬಾವಿ ಕೊರೆಯುವ ಒಂದು ಕಂಪನಿ ಸೇರಿದ್ದ. ಅಲ್ಲಿ ಅವನು ಸೇಫ್ಟಿ ಆಫೀಸರ್. ಮರುಭೂಮಿಯ ರಿಗ್ಗುಗಳಲ್ಲಿ ಇಪ್ಪತ್ತು ವರ್ಷ ‘ಬೇಡ’, ‘ನಿಲ್ಲಿ’, ‘ಹೆಲ್ಮೆಟ್ ಹಾಕಿ’ ಎಂದೇ ಕಳೆದ. ದಮಯಂತಿ ಅಲ್ಲಿನ ಒಂದು ಶಾಲೆಯ ಲೈಬ್ರರಿಯಲ್ಲಿ ಸಹಾಯಕಿಯಾಗಿದ್ದಳು. ಎರಡು ಸಾವಿರದ ಹದಿನಾರರ ಹೊತ್ತಿಗೆ ಎಣ್ಣೆಯ ಬೆಲೆ ಪಾತಾಳಕ್ಕೆ ಇಳಿದಿತ್ತು. ರಿಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಅಂಗಳದಲ್ಲಿ ಮಲಗಿಸುತ್ತಿದ್ದರು. ಪ್ರತಿ ಗುರುವಾರ ಯಾರಾದರೂ ಒಬ್ಬರಿಗೆ ಕೆಲಸದಿಂದ ತೆಗೆದ ಕಾಗದ. ದೂಮಪ್ಪನಿಗೆ ಬಂದದ್ದು ಫೆಬ್ರವರಿಯಲ್ಲಿ. ಮ್ಯಾನೇಜರ್ ಒಳ್ಳೆಯವನೇ, ಕಾಗದ ಕೊಟ್ಟು, ಚಹಾ ಕುಡಿಸಿ, “ನಿಮ್ಮ ರಿಗ್ಗುಗಳಲ್ಲಿ ನಾಲ್ಕು ವರ್ಷದಿಂದ ಒಂದು ಬೆರಳಿಗೂ ಗಾಯ ಆಗಿಲ್ಲ. ಸೇಫ್ಟಿಗೆ ಇಷ್ಟು ಜನ ಬೇಕಾ ಎಂದು ಮೇಲಿನವರು ಕೇಳುತ್ತಿದ್ದಾರೆ” ಎಂದನಂತೆ. ದೂಮಪ್ಪ ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದ. ರಾತ್ರಿ ಊಟಕ್ಕೆ ಕೂತವನು ಮಾತ್ರ ಎರಡನೇ ಸಲ ಅನ್ನ ಬಡಿಸಿಕೊಳ್ಳಲಿಲ್ಲ.

ಅದೇ ಕಂಪನಿಯಲ್ಲಿದ್ದ ಕಿಶನ್ ಎಂಬ ಮೈಸೂರಿನ ಇಂಜಿನಿಯರಿಗೂ ಕಾಗದ ಬಂದಿತ್ತು. ಮೂವತ್ತರ ಆಸುಪಾಸಿನ ಹುಡುಗ, ಕಾಲಿಗೆ ಚಕ್ರ. ಹೆಂಡತಿ ಹಿತಾಳ ಜೊತೆ ಒಮಾನಿನ ಬೆಟ್ಟಗಳನ್ನೆಲ್ಲ ಹತ್ತಿ ಫೋಟೋ ತೆಗೆದವನು. ಅವನಿಗೆ ಒಂದು ದಾರಿ ಮಾತ್ರ ಬಾಕಿ ಇತ್ತು. ಅಲ್ ಹಮ್ರಾ ಊರು ದಾಟಿ ಮೇಲೆ ಹೋದರೆ, ದೊಡ್ಡ ಕಣಿವೆಯ ಗೋಡೆಗೆ ಅಂಟಿಕೊಂಡು ಹೋಗುವ ಹಳೆಯ ಕತ್ತೆದಾರಿ. ಅದರ ಕೊನೆಯಲ್ಲಿ ಜನ ಬಿಟ್ಟುಹೋದ ಹಳ್ಳಿ.

“ಸಾರ್, ಶನಿವಾರ ರಾತ್ರಿ ನಮ್ಮ ಫ್ಲೈಟು. ಶುಕ್ರವಾರ ಅಲ್ಲಿಗೆ ಹೋಗ್ಬರೋಣ. ನೀವಿದ್ರೆ ಹಿತಾಗೆ ಧೈರ್ಯ. ಆಂಟೀನೂ ಬರ್ಲಿ” ಎಂದ ಕಿಶನ್.

ದೂಮಪ್ಪ ಹವಾಮಾನದ ಪುಟ ತೆರೆದು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. “ಮಧ್ಯಾಹ್ನದ ಮೇಲೆ ಬೆಟ್ಟದಲ್ಲಿ ಮೋಡ ಕಟ್ಟುವ ಹಾಗೆ ಉಂಟು. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆಗೆ ಆ ಹಳ್ಳಿಯಿಂದ ವಾಪಸು ಹೊರಡುವುದಾದ್ರೆ ಹೋಗುವ. ಹತ್ತೂಕಾಲು ಅಲ್ಲ, ಹತ್ತು.”

“ಓಕೆ ಸಾರ್, ಖಲಾಸ್, ಹತ್ತು ಅಂದ್ರೆ ಹತ್ತು.”

ಹೀಗೆ ಮಾರ್ಚ್ ಕೊನೆಯ ಶುಕ್ರವಾರ ನಸುಕಿಗೆ ನಾಲ್ವರೂ ಕಿಶನನ ಗಾಡಿಯಲ್ಲಿ ಹೊರಟರು. ಬೆಟ್ಟದ ಮೇಲೆ ತಲುಪುವಾಗ ಸೂರ್ಯ ಆಗಷ್ಟೇ ಎದ್ದಿದ್ದ. ದಮಯಂತಿ ಗಾಡಿಯಿಂದ ಇಳಿದು ಮೊದಲ ಸಲ ಆ ಕಣಿವೆಯೊಳಗೆ ನೋಡಿದಳು. ಕೆಳಗೆ ಎಷ್ಟು ಆಳವೆಂದರೆ ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಒಂದು ಹದ್ದು ಅವಳ ಕಾಲಿಗಿಂತ ಕೆಳಗೆ ಹಾರುತ್ತಿತ್ತು, ಅವಳು ಅದರ ಬೆನ್ನನ್ನು ನೋಡುತ್ತಿದ್ದಳು.

ದಾರಿ ಸುಲಭವೇ. ಎಡಕ್ಕೆ ಬಂಡೆ, ಬಲಕ್ಕೆ ಗಾಳಿ. ಅರ್ಧ ಗಂಟೆ ನಡೆದ ಮೇಲೆ ಒಂದು ಕೊರಕಲು ಸಿಕ್ಕಿತು. ಮೇಲಿನ ಬೆಟ್ಟದಿಂದ ನೇರ ಇಳಿದು, ದಾರಿಯನ್ನು ಕತ್ತರಿಸಿಕೊಂಡು, ಕಣಿವೆಯೊಳಗೆ ಬೀಳುವ ಕಲ್ಲಿನ ಓಣಿ. ಅಗಲ ನಲವತ್ತು ಹೆಜ್ಜೆ. ಒಂದು ಹನಿ ನೀರಿಲ್ಲ. ಅಂಚಿನಲ್ಲಿ ಒಂದು ಮುದಿ ಮರ ಕೆಳಗಡೆಗೆ ಬಾಗಿ ನಿಂತಿತ್ತು. ದೂಮಪ್ಪ ಅದರ ಬುಡ ಮುಟ್ಟಿ ನೋಡಿದ.

“ಮೇಲ್ಬದಿಯ ತೊಗಟೆ ಮಾತ್ರ ಹೋಗಿದೆ ನೋಡು ಕಿಶನ್. ಎದೆಯೆತ್ತರಕ್ಕೆ. ಹಿಮದ ಬೆಟ್ಟದಲ್ಲೂ ಮರಗಳು ಹೀಗೇ ಇರ್ತವೆ. ಮೇಲಿಂದ ಎಂತದೋ ಬಂದು ಬಡಿದದ್ದು ಇದು. ಇಲ್ಲಿ ನಿಲ್ಲುವುದು ಬೇಡ. ಒಬ್ಬರು ದಾಟಿ ಆಚೆ ಬಂಡೆಯ ಮರೆಗೆ ಹೋದ ಮೇಲೆ ಇನ್ನೊಬ್ಬರು. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಬಿದ್ದರೆ ಬ್ಯಾಗು ಕೂಡಲೇ ಕಳಚಬೇಕು.”

“ಮಳೆನೇ ಇಲ್ವಲ್ಲ ಸಾರ್” ಎಂದು ಕಿಶನ್ ನಕ್ಕ. ಆದರೂ ಪಟ್ಟಿ ಬಿಚ್ಚಿದ. ಒಬ್ಬೊಬ್ಬರಾಗಿ ದಾಟಿದರು. ದಮಯಂತಿ ದಾಟುವಾಗ ಮಧ್ಯದಲ್ಲಿ ಒಮ್ಮೆ ಕತ್ತೆತ್ತಿದಳು. ಓಣಿಯ ತುದಿಯಲ್ಲಿ ನೀಲಿ ಆಕಾಶದ ಒಂದು ಚೂರು ಕಾಣಿಸಿತು. ಅಲ್ಲಿಂದ ಏನಾದರೂ ಬಂದೀತು ಎಂದು ಅವಳಿಗೂ ಅನಿಸಲಿಲ್ಲ.

ಹಳ್ಳಿ ಎಂದರೆ ಹತ್ತು ಹನ್ನೆರಡು ಕಲ್ಲಿನ ಗೂಡುಗಳು. ಮೇಲೆ ಚಾಚಿಕೊಂಡ ಬಂಡೆಯೇ ಎಲ್ಲ ಮನೆಗೂ ಮಾಡು. ಅದರ ಹೊಟ್ಟೆಯಲ್ಲಿ ತಲೆಮಾರುಗಳ ಒಲೆಯ ಮಸಿ. ಒಂದು ಮನೆಯ ಹೊಸ್ತಿಲಲ್ಲಿ ಬೀಸುವ ಕಲ್ಲು ಇನ್ನೂ ಇತ್ತು. ಹಿತಾ ಪುಳಿಯೋಗರೆಯ ಡಬ್ಬಿ ಬಿಚ್ಚಿದಳು, ದಮಯಂತಿ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಪುಂಡಿ ಮತ್ತು ಚಟ್ನಿ. ತಿಂದಾದ ಮೇಲೆ ಕಿಶನ್ ಫೋಟೋ ತೆಗೆಯುತ್ತ ಹೋದ, ಹಿತಾ ಅವನ ಹಿಂದೆ. ದಮಯಂತಿ ಆ ಹೊಸ್ತಿಲಿಗೆ ತಲೆಯಾನಿಸಿ ಸುಮ್ಮನೆ ಒರಗಿದಳು. ಕಲ್ಲು ತಂಪಾಗಿತ್ತು. ಎಲ್ಲೋ ಒಳಗೆ ಒಂದು ಹನಿ, ಎಣಿಸಿ ಎಣಿಸಿ ಬೀಳುತ್ತಿತ್ತು. ಮನೆಯಲ್ಲಿ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು, ಕ್ಯಾನ್ಸಲ್ ಆದ ವೀಸಾ, ಇಪ್ಪತ್ತು ವರ್ಷ ಬದುಕಿದ ಊರನ್ನು ಹದಿನೈದು ದಿನದಲ್ಲಿ ಬಿಡಬೇಕು ಎಂಬ ದಿಗಿಲು, ಎಲ್ಲ ಮೈಯಿಂದ ಇಳಿದುಹೋಗುತ್ತಿರುವ ಹಾಗೆ ಅನಿಸಿತು. ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಬಿಳಿಯ ದಂಡೆ ಬಂತು. ಈ ಸಲ ದೋಣಿಗಳಲ್ಲಿ ಜನರಿದ್ದರು, ಅವಳಿಗೆ ಬೆನ್ನು ಹಾಕಿ ಕೂತವರು.

“ದಮಯಂತಿ, ಗಂಟೆ ಹತ್ತಾಯ್ತು.” ಗಂಡನ ಕೈ ಭುಜದ ಮೇಲೆ.

“ಇನ್ನೊಂದು ಅರ್ಧ ಗಂಟೆ” ಎಂದಳು ಕಣ್ಣು ತೆರೆಯದೆ. “ಇಷ್ಟು ವರ್ಷದಲ್ಲಿ ನಿಮ್ಮ ಹತ್ರ ಎಂತದೂ ಕೇಳಲಿಲ್ಲ ನಾನು.”

ಅವರಿಬ್ಬರೇ ಇದ್ದಾಗ ಆಡುವ ತುಳುವಿನಲ್ಲಿ ಹೇಳಿದ ಮಾತು ಅದು, ಅರ್ಧ ನಿದ್ದೆಯಲ್ಲಿ. ಮೂವತ್ತು ವರ್ಷ ಯಾವ ಕರ್ನಲ್ಲಿಗೂ ಯಾವ ಮ್ಯಾನೇಜರಿಗೂ ಬಗ್ಗದವನು ಅಲ್ಲಿಯೇ ಅವಳ ಪಕ್ಕ ಕೂತುಬಿಟ್ಟ. ಅರ್ಧ ಗಂಟೆ ಕಳೆಯಿತು, ಅವನು ಎಬ್ಬಿಸಲಿಲ್ಲ. ಅವಳು ಎದ್ದಾಗ ಹನ್ನೊಂದೂ ಮುಕ್ಕಾಲು. ಬೆಳಕಿನ ಬಣ್ಣ ಬದಲಾಗಿತ್ತು. ಎದುರಿನ ಬೆಟ್ಟದ ತಲೆಗೆ ಹತ್ತಿಯಂಥ ಮೋಡ ಕೂತು, ಅದರ ತಳ ಮಾತ್ರ ಇದ್ದಲಿನ ಬಣ್ಣಕ್ಕೆ ತಿರುಗುತ್ತಿತ್ತು.

ಕೊರಕಲಿಗೆ ಮರಳುವಾಗ ಹನ್ನೆರಡೂವರೆ. ಎಲ್ಲೋ ದೂರ, ಬೆಟ್ಟದ ಬೆನ್ನಿನ ಆಚೆ, ಗುಡುಗು ಉರುಳಿತು. ಕೊರಕಲು ಬೆಳಿಗ್ಗೆ ಇದ್ದ ಹಾಗೇ ಇತ್ತು, ಒಣಗಿ. ಆಚೆಯ ಅಂಚಿನಲ್ಲಿ ಕಪ್ಪು ಬಟ್ಟೆಯ ಒಬ್ಬ ಮುದುಕಿ ಏಳೆಂಟು ಆಡುಗಳೊಂದಿಗೆ ನಿಂತಿದ್ದಳು. ಇವರನ್ನು ಕಂಡು ಅಂಗೈ ಎತ್ತಿ ಕೂಗಿದಳು: “ಲಾ! ಲಾ! ವಾದಿ!” ಬೇಡ, ನೀರು ಬರುತ್ತದೆ ಎಂದು. ಆಮೇಲೆ ತಿಳಿದ ಪ್ರಕಾರ ಅವಳ ಹೆಸರು ಸೈನಬ.

ದೂಮಪ್ಪ ಮೇಲೆ ನೋಡಿದ, ಮರವನ್ನು ನೋಡಿದ. ಬಂದ ದಾರಿಯಲ್ಲೇ ಇಪ್ಪತ್ತು ಹೆಜ್ಜೆ ಹಿಂದೆ ಬಂಡೆಯೊಂದು ಮುಂದಕ್ಕೆ ಚಾಚಿತ್ತು. ಅದರಡಿಗೆ ಹೋಗಿ ಕೂತ. “ಇಲ್ಲೇ ಕೂತುಕೊಳ್ಳುವ.”

“ಎಷ್ಟೊತ್ತು ಸಾರ್?”

“ಗೊತ್ತಿಲ್ಲ ಮಾರಾಯ.”

“ನಲವತ್ತು ಹೆಜ್ಜೆ! ಓಡಿದ್ರೆ ಅರ್ಧ ನಿಮಿಷ. ಇಲ್ಲಿ ಕೂತ್ರೆ ಸಂಜೆ ತನಕ ಕೂರ್ಬೇಕಾಗತ್ತೆ. ನಾಳೆ ನನ್ನ ಫ್ಲೈಟು.”

“ಗುಡುಗು ಮೇಲೆ ಉಂಟು. ಮೇಲೆ ಎಷ್ಟು ಬಿದ್ದಿದೆ ನಮಗೆ ಇಲ್ಲಿಂದ ಕಾಣುವುದಿಲ್ಲ. ಆ ಅಮ್ಮನೂ ದಾಟ್ತಾ ಇಲ್ಲ ನೋಡು.”

ಮುದುಕಿ ಆಚೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ಆಡುಗಳೂ ಕೂತವು. ಈಚೆ ನಾಲ್ವರು, ಆಚೆ ಒಬ್ಬಳು, ನಡುವೆ ಏನೂ ಇಲ್ಲದ ಒಂದು ಓಣಿ. ಹೀಗೆ ಒಂದು ಗಂಟೆ ಹೋಯಿತು. ಮೋಡ ಬಂಡೆಯ ಮೇಲಿನಿಂದ ನಿಧಾನ ಇಳಿದು ಕಣಿವೆಯನ್ನು ತುಂಬಿತು. ಹಳ್ಳಿ ಹೋಯಿತು, ಹದ್ದು ಹೋಯಿತು, ಎದುರಿನ ಗೋಡೆ ಹೋಯಿತು. ಸೈನಬ ಒಮ್ಮೆ ಕಾಣುತ್ತಿದ್ದಳು, ಒಮ್ಮೆ ಇಲ್ಲ. ದಮಯಂತಿಗೆ ತಾನು ಎದ್ದಿದ್ದೇನೋ ಇನ್ನೂ ಆ ಹೊಸ್ತಿಲಲ್ಲೇ ಮಲಗಿದ್ದೇನೋ ಎಂದು ಅನುಮಾನವಾಗಿ ಒದ್ದೆ ಬಂಡೆಗೆ ಕೆನ್ನೆ ತಾಗಿಸಿ ನೋಡಿದಳು.

“ಸಾರ್, ಒಂದು ಕೇಳ್ಲಾ?” ಕಿಶನನ ದನಿಯಲ್ಲಿ ಸಣ್ಣ ಕಹಿ ಇತ್ತು. “ಆ ಎಂಟು ವರ್ಷದಲ್ಲಿ ನೀವು ಬೇಡ ಅಂದ ದಿನ ಎಷ್ಟು ಸಲ ಹಿಮ ಕುಸೀತು?”

“ಎರಡು ಸಲ.”

“ಎರಡೇ?”

“ಬಾಕಿ ದಿನ ಎಂತದೂ ಬರಲಿಲ್ಲ. ಬೈಗುಳ ಬಂತು” ಎಂದ ದೂಮಪ್ಪ. “ಒಮ್ಮೆ ಏಪ್ರಿಲಿನಲ್ಲಿ ಆರು ದಿನ ರಸ್ತೆ ಮುಚ್ಚಿಸಿದ್ದೆ. ಮೇಲೆ ಹಿಮ ಒದ್ದೆಯಾಗಿ ಜೋತುಬಿದ್ದಿತ್ತು. ಕೆಳಗೆ ಲಾರಿಗಳು ಸಾಲು ನಿಂತವು. ಅದು ಬೀಳಲೇ ಇಲ್ಲ. ಹಾಗೇ ಕರಗಿ ಹೋಯ್ತು. ಏಳನೇ ದಿನ ಸಾಹೇಬರು ಬಂದು ಎಲ್ಲರ ಎದುರು ಹೇಳಿದ್ರು, ದೂಮಪ್ಪ, ನೀನು ಹೆದರುಪುಕ್ಕ ಅಂತ.”

ದಮಯಂತಿ ತಿರುಗಿ ನೋಡಿದಳು. ಇದು ಯಾವ ಪತ್ರದಲ್ಲೂ ಇರಲಿಲ್ಲ.

ಆಗ ಶುರುವಾಯಿತು. ಮೊದಲು ಬಂಡೆಯ ಮೇಲೆ ಟಕ್ ಎಂದು ಒಂದು, ಆಮೇಲೆ ನಾಲ್ಕು, ಆಮೇಲೆ ಲೆಕ್ಕವಿಲ್ಲ. ಆಲಿಕಲ್ಲು. ಕಡಲೆಯಷ್ಟು, ನೆಲ್ಲಿಕಾಯಿಯಷ್ಟು. ಮಾತಾಡಿದರೆ ಕೇಳದಷ್ಟು ಸದ್ದು. ಹಿತಾ ಕಿವಿ ಮುಚ್ಚಿಕೊಂಡಳು. ಹದಿನೈದು ನಿಮಿಷ ಹಾಗೆ ಸುರಿದು, ಯಾರೋ ನಲ್ಲಿ ಮುಚ್ಚಿದ ಹಾಗೆ ನಿಂತಿತು. ಮೋಡ ಒಂದು ಕಡೆ ಹರಿಯಿತು. ಬಿಸಿಲು ಬಂತು.

ಬೆಟ್ಟ ಪೂರಾ ಬಿಳಿಯಾಗಿತ್ತು.

ದಾರಿ ಬಿಳಿ, ಕಲ್ಲುಗಳು ಬಿಳಿ, ಬಾಗಿದ ಮರದ ಪ್ರತಿ ಕವಲಿನಲ್ಲೂ ಬಿಳಿ. ಕೊರಕಲು ಮೇಲಿನಿಂದ ಕೆಳಗಿನವರೆಗೆ ಬಿಳಿಯ ಒಂದು ಪಟ್ಟೆ. ಎಲ್ಲಿಯೂ ಸದ್ದಿಲ್ಲ. ದಮಯಂತಿ ಬಂಡೆಯಡಿಯಿಂದ ಹೊರಗೆ ಬಂದು ಬಗ್ಗಿ ಎರಡೂ ಕೈ ತುಂಬ ಎತ್ತಿಕೊಂಡಳು. ಬೆರಳುಗಳು ಉರಿದವು, ಬಿಡಲು ಮನಸ್ಸಾಗಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ, ಅರಬರ ನಾಡಿನಲ್ಲಿ, ಕೈಯೊಳಗೆ ಮಂಜುಗಡ್ಡೆ ಹಿಡಿದು ಅವಳು ನಗುತ್ತ ನಿಂತಳು. ಗಂಡನಿಗೆ ತೋರಿಸಬೇಕೆಂದು ತಿರುಗಿದರೆ ಅವನೂ ಬಿಳಿಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಅವಳು ಎಂದೂ ಕಾಣದ ಇಪ್ಪತ್ತಾರರ ಒಬ್ಬ ಹುಡುಗನಿದ್ದ. ಪತ್ರ ಬರೆಯುತ್ತಿದ್ದವನು ಇವನು ಎಂದುಕೊಂಡಳು.

“ಆಯ್ತಲ್ಲ ಸಾರ್, ನಿಂತ್ಹೋಯ್ತು!” ಕಿಶನ್ ಬ್ಯಾಗು ಹೆಗಲಿಗೇರಿಸಿದ್ದ. “ನಾನು ಮೊದ್ಲು ದಾಟಿ ಆಚೆಯಿಂದ ಆಂಟಿಗೆ ಕೈ ಕೊಡ್ತೀನಿ.”

“ಕಿಶನ್, ಬೇಡ ಕಣೋ” ಎಂದಳು ಹಿತಾ. ಅವನು ಆಗಲೇ ಕೊರಕಲಿಗೆ ಇಳಿದಿದ್ದ. ಆಲಿಕಲ್ಲಿನ ಮೇಲೆ ಅವನ ಬೂಟು ಕರಕರ ಎಂದಿತು. ಐದು ಹೆಜ್ಜೆ, ಎಂಟು, ಹತ್ತು. ಆಚೆಯಿಂದ ಸೈನಬ ಎದ್ದುನಿಂತು ಏನೋ ಕೂಗಿದಳು.

ದಮಯಂತಿ ಮೇಲೆ ನೋಡಿದಳು. ಕೊರಕಲಿನ ಮೇಲ್ತುದಿಯ ಇಳಿಜಾರಿನಲ್ಲಿ, ಆ ಹೊಳೆಯುವ ಬಿಳಿಯ ಮೇಲೆ, ಒಂದು ಸಣ್ಣ ಉಂಡೆ ತಾನಾಗಿ ಉರುಳಿ ಬರುತ್ತಿತ್ತು. ಹಿಂದೆ ಒಂದು ಗೆರೆ. ಪಕ್ಕದಲ್ಲಿ ಇನ್ನೊಂದು. ಮತ್ತೆ ಮೂರು. ಗಾಳಿ ಇರಲಿಲ್ಲ, ಯಾರೂ ಎಸೆದಿರಲಿಲ್ಲ. ಇದನ್ನು ಅವಳು ಮೊದಲೇ ಕಂಡಿದ್ದಳು. ಎಲ್ಲಿ ಎಂದು ಹೊಳೆಯಲು ಅರೆ ಕ್ಷಣ ಹಿಡಿಯಿತು. ಕಂಡದ್ದಲ್ಲ, ಓದಿದ್ದು. ಇಪ್ಪತ್ತರ ಹರೆಯದಲ್ಲಿ, ಮೂಲ್ಕಿಯ ಜಗಲಿಯಲ್ಲಿ ಕೂತು, ನೀಲಿ ಇನ್‌ಲ್ಯಾಂಡ್ ಲೆಟರಿನಲ್ಲಿ.

“ಉಂಡೆ ಉರುಳ್ತಾ ಉಂಟು!” ಎಂದು ಚೀರಿದಳು. “ನೋಡಿ, ಮೇಲೆ ಉಂಡೆ ಉರುಳ್ತಾ ಉಂಟು!”

ದೂಮಪ್ಪ ಒಂದೇ ನೆಗೆತಕ್ಕೆ ಅಂಚಿಗೆ ಬಂದ. ಆದರೆ ಕೂಗಲಿಲ್ಲ. ಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳಿದ: “ಕಿಶನ್. ಮುಂದೆ ಬೇಡ. ಓಡಬೇಡ. ಇಟ್ಟ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ಹಿಂದೆ ಬಾ. ಹಾಗೇ ಬಾ. ನನ್ನನ್ನು ನೋಡು.”

ಕಿಶನ್ ತಿರುಗಿದ. ಕಾಲು ಜಾರಿತು, ಒಂದು ಮೊಣಕಾಲು ಊರಿದ. ಬ್ಯಾಗು ಹೆಗಲಿನಿಂದ ಕಳಚಿ ಪಕ್ಕಕ್ಕೆ ಬಿತ್ತು. ಅವನ ಕೈ ಅದರ ಕಡೆ ಹೋಯಿತು.

“ಬಿಡು ಅದನ್ನು. ಬಾ.”

ಏಳು ಹೆಜ್ಜೆ. ನಾಲ್ಕು. ದೂಮಪ್ಪ ಅವನ ಮಣಿಕಟ್ಟು ಹಿಡಿದು ಎಳೆದ. ನಾಲ್ವರೂ ಬಂಡೆಯಡಿಗೆ ಬಂದು ಬಿದ್ದರು. ಆಗ ಮೇಲೆ ಎಲ್ಲೋ ಒಂದು ಸದ್ದಾಯಿತು. ದೊಡ್ಡದೇನಲ್ಲ. ವುಂಫ್ ಎಂದು, ಏನೋ ಕುಸಿದು ಕೂತ ಹಾಗೆ.

ಬಂದದ್ದು ಮೊದಲು ಬಿಳಿಯಾಗಿಯೇ ಬಂತು. ಮೇಲೆ ಎಲ್ಲೋ ಆಲಿಕಲ್ಲಿನ ಗುಡ್ಡೆಯೊಂದು ನೀರಿಗೆ ಅಡ್ಡ ಕಟ್ಟಿ ನಿಂತಿತ್ತು. ಈಗ ಅದು ನೀರು, ಕಲ್ಲು, ಮುರಿದ ಕೊಂಬೆ ಎಲ್ಲವನ್ನೂ ಹೊತ್ತುಕೊಂಡು ಜಾರಿ ಇಳಿಯಿತು. ಗದ್ದಲವೂ ಅಲ್ಲ, ಗುಡುಗೂ ಅಲ್ಲ; ಬಹಳ ಭಾರದ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋದ ಹಾಗಿತ್ತು. ಅದರೊಳಗೆ ಒಂದಕ್ಕೊಂದು ಬಡಿಯುವ ಬಂಡೆಗಳ ಸದ್ದು. ಬಾಗಿದ ಮರ ಕೊನೆಯ ತನಕ ಬಾಗಿ ಮತ್ತೆ ಎದ್ದಿತು. ಕಿಶನನ ಕೆಂಪು ಬ್ಯಾಗು, ಕ್ಯಾಮರಾದ ಸಮೇತ, ಒಂದು ಸಲ ಕಾಣಿಸಿ ಕಣಿವೆಯ ಅಂಚಿನಿಂದಾಚೆ ಹೋಯಿತು. ಕೆಳಗೆ ಬಿದ್ದ ಸದ್ದು ಕೇಳಲಿಲ್ಲ. ನಾಲ್ಕೈದು ನಿಮಿಷದಲ್ಲಿ ಬಿಳಿ ಮುಗಿದು ಕಂದು ನೀರು ಶುರುವಾಯಿತು. ಅದು ಎರಡು ಗಂಟೆ ಹರಿಯಿತು.

ಹಿತಾ ಅಳಲಿಲ್ಲ. ಗಂಡನ ಎದುರು ಕೂತು, ಬಿಚ್ಚಿಹೋಗಿದ್ದ ಅವನ ಶರ್ಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿದಳು. ಕತ್ತಿನವರೆಗೂ ಹಾಕಿ ಮುಗಿದ ಮೇಲೆ ಮತ್ತೆ ಬಿಚ್ಚಿ ಮತ್ತೆ ಹಾಕಿದಳು.

ಸ್ವಲ್ಪ ದೂರದಲ್ಲಿ ಗಂಡನ ಪಕ್ಕ ಕೂತು ದಮಯಂತಿ ಮೆಲ್ಲಗೆ ತುಳುವಿನಲ್ಲಿ ಹೇಳಿದಳು, “ನನ್ನ ಅರ್ಧ ಗಂಟೆಯಿಂದ ಆದದ್ದು ಇದು. ಹತ್ತಕ್ಕೇ ಹೊರಟಿದ್ದರೆ ಈಗ ಮನೆಯ ದಾರಿಯಲ್ಲಿ ನಿಜ್ವಾ ದಾಟಿರ್ತಿದ್ದೆವು.”

“ಹೌದು” ಎಂದ ದೂಮಪ್ಪ. ಅವನು ಸುಳ್ಳು ಸಮಾಧಾನ ಹೇಳುವವನಲ್ಲ. “ಆದ್ರೆ ಎಬ್ಬಿಸದೆ ಕೂತವನು ನಾನು.” ನೀರಿನ ಕಡೆ ತಿರುಗಿ ಮುಂದುವರಿಸಿದ: “ಇನ್ನೊಂದು ವಿಷಯ. ಆಲಿಕಲ್ಲು ನಿಂತಾಗ, ಸಾಕು ದಾಟುವ ಅಂತಲೇ ನಾನೂ ನೆನೆಸಿದ್ದೆ. ಅವನು ಇಳಿಯುವಾಗ ತಡೆಯಲಿಲ್ಲ ನೋಡು ನಾನು. ಇಷ್ಟು ವರ್ಷ ಬೇಡ ಬೇಡ ಅಂತ ಹೇಳಿ ಹೇಳಿ, ಎಲ್ಲರೂ ಹೇಳಿದ್ದೇ ಸರಿಯೋ ಏನೋ ಅನಿಸಿಬಿಟ್ಟಿತ್ತು. ನೀನು ಕೂಗದಿದ್ರೆ ಅವನ ಹಿಂದೆ ನಾನೇ ಹೋಗ್ತಿದ್ದೆ.”

ಅವಳು ಅವನ ಕೈ ಹಿಡಿದುಕೊಂಡಳು. ಅದು ಒದ್ದೆಯಾಗಿತ್ತು. ತನ್ನ ಸೆರಗಿನ ತುದಿಯಲ್ಲಿ ಅದನ್ನು ಒರಸಿ ಒಣಗಿಸಿದಳು.

ನಾಲ್ಕೂವರೆಗೆ ನೀರು ಮೊಣಕಾಲಿಗಿಂತ ಕೆಳಗಿಳಿಯಿತು. ದಾರಿ ಇದ್ದ ಜಾಗದಲ್ಲಿ ದಾರಿ ಇರಲಿಲ್ಲ. ಆಳುದ್ದದ ಒಂದು ಹೊಂಡ. ಸೈನಬ ಆಚೆಯಿಂದ ಕೋಲು ಎತ್ತಿ ಮೇಲೆ ತೋರಿಸಿದಳು. ಐವತ್ತು ಅಡಿ ಮೇಲೆ ಕೊರಕಲು ಕಿರಿದಾಗಿ, ನೀರು ಬಂಡೆಯಿಂದ ಬಂಡೆಗೆ ಹಾರುವಲ್ಲಿ ಎರಡು ದೊಡ್ಡ ಕಲ್ಲುಗಳು ಅಲುಗದೆ ನಿಂತಿದ್ದವು. “ಶ್ವೈ ಶ್ವೈ”, ಮೆಲ್ಲಗೆ ಮೆಲ್ಲಗೆ, ಎನ್ನುತ್ತ ಅವಳೂ ಆಚೆಯಿಂದ ಹತ್ತಿ ಬಂದಳು. ಆಕಾಶ ತೊಳೆದಿಟ್ಟ ಹಾಗೆ ನಿರ್ಮಲವಾಗಿತ್ತು. ದೂಮಪ್ಪ ಕಾಲು ಗಂಟೆ ಮೇಲೆ ನೋಡುತ್ತಲೇ ನಿಂತು, ಕಲ್ಲುಗಳನ್ನು ತುಳಿದು ಪರೀಕ್ಷಿಸಿ, ಆಮೇಲೆ ಒಬ್ಬೊಬ್ಬರನ್ನೇ ಕಳಿಸಿದ. ಕಿಶನ್ ಹೇಳಿದ ಕಡೆಯಲ್ಲೆಲ್ಲ ಹೆಜ್ಜೆ ಇಟ್ಟ.

ಸೈನಬಳ ಮನೆ ದಾರಿಯ ಆರಂಭದಲ್ಲೇ. ಅವಳು ನಾಲ್ವರಿಗೂ ಚಾಪೆ ಹಾಸಿ, ಖರ್ಜೂರ ಇಟ್ಟು, ಏಲಕ್ಕಿಯ ಕಹಿ ಕಾಫಿ ಬಗ್ಗಿಸಿದಳು. ಅವಳ ಅರಬ್ಬಿ ಇವರಿಗೆ ಅರ್ಧ ತಿಳಿಯಿತು. ಕಿಶನನನ್ನು ಬೈಯುತ್ತಿದ್ದಾಳೆ ಎಂಬುದು ಪೂರ್ತಿ ತಿಳಿಯಿತು. ಅವನು ತಲೆತಗ್ಗಿಸಿ ಬೈಸಿಕೊಂಡ. ಮೂರನೇ ಲೋಟದ ಹೊತ್ತಿಗೆ ಅವನ ಕಣ್ಣಿಂದ ನೀರು ಇಳಿಯತೊಡಗಿತು. ಮುದುಕಿ ಬೈಯುವುದನ್ನು ನಿಲ್ಲಿಸಿ ಅವನ ಬಾಯಿಗೆ ಒಂದು ಖರ್ಜೂರ ತುರುಕಿದಳು.

ಮರುದಿನ ರಾತ್ರಿ ಕಿಶನ್, ಹಿತಾ ವಿಮಾನ ಹತ್ತಿದರು. ಮೈಸೂರಿಗೆ ತಲುಪಿದ ಮೇಲೆ ಕಿಶನ್ ದೂಮಪ್ಪನಿಗೆ ಒಂದು ಸಂದೇಶ ಕಳಿಸಿದ: ‘ಸಾರ್, ಅಪ್ಪನ ಜೊತೆ ಕಾಫಿ ಕುಡೀತಿದೀನಿ. ಇವತ್ತು ಏನೂ ಆಗಲಿಲ್ಲ.’ ದೂಮಪ್ಪ ಅದನ್ನು ಮೂರು ಸಲ ಓದಿ ಹೆಂಡತಿಗೆ ತೋರಿಸಿದ. ಉತ್ತರ ಏನು ಬರೆಯುವುದೆಂದು ಇಡೀ ಬೆಳಗು ಯೋಚಿಸಿ, ಕೊನೆಗೆ ‘ಸಂತೋಷ’ ಎಂದಷ್ಟೇ ಬರೆದ.

ಬುಧವಾರ ಅವನು ಪೆಟ್ಟಿಗೆ ಕಟ್ಟುತ್ತಿದ್ದವನು ಎದ್ದುನಿಂತು, “ಆ ದಾರಿ ಹಾಗೇ ಬಿಟ್ಟರೆ ಆಗುವುದಿಲ್ಲ. ನಾಳೆ ಯಾರೋ ಮಕ್ಕಳನ್ನು ಕಟ್ಟಿಕೊಂಡು ಬರ್ತಾರೆ, ಹೊಂಡಕ್ಕೇ ಇಳೀತಾರೆ” ಎಂದ.

“ಹೋಗುವ” ಎಂದಳು ದಮಯಂತಿ.

ಶುಕ್ರವಾರ ಸ್ನೇಹಿತರ ಗಾಡಿ ಕೇಳಿ ತಂದು ಇಬ್ಬರೇ ಹೋದರು. ಸೈನಬ ಅವರನ್ನು ಕಂಡು ಆಶ್ಚರ್ಯಪಡಲಿಲ್ಲ. ಕೋಲು ತೆಗೆದುಕೊಂಡು ಹಿಂದೆ ಬಂದಳು. ಹಳೆಯ ದಾರಿ ಕೊರಕಲಿಗೆ ಬರುವಲ್ಲಿ ಅಡ್ಡಕ್ಕೆ ಕಲ್ಲುಗಳ ಸಾಲು ಇಟ್ಟು, ಅಲ್ಲಿಂದ ಮೇಲಿನ ಕಿರಿದಾದ ಜಾಗದವರೆಗೆ ಹತ್ತು ಹೆಜ್ಜೆಗೊಂದರಂತೆ ದಾರಿ ತೋರುವ ಕಲ್ಲಿನ ಗೋಪುರ ಕಟ್ಟುತ್ತ ಹೋದರು. ದೊಡ್ಡದು ಕೆಳಗೆ, ಸಣ್ಣದು ಮೇಲೆ. ದೂಮಪ್ಪ ಜಾಗ ನೋಡುವುದು, ಹೆಂಗಸರಿಬ್ಬರು ಕಟ್ಟುವುದು. ಒಣಗಿದ ಬೆಟ್ಟ ಮತ್ತೆ ತನ್ನ ಕಂದು ಬಣ್ಣಕ್ಕೆ ಬಂದಿತ್ತು. ಕಲ್ಲುಗಳ ಸಂದಿಯಲ್ಲಿ ಹೆಸರು ತಿಳಿಯದ ಹಳದಿ ಹೂವು, ವಾರದ ಹಿಂದೆ ಇಲ್ಲದ್ದು. ಗಾಳಿಯಲ್ಲಿ ಕಾಡು ಸೊಪ್ಪಿನ ವಾಸನೆ. ಕಲ್ಲಿನ ಮೇಲೆ ಕಲ್ಲು ಕೂರುವ ಸದ್ದು ಕಣಿವೆಯ ಆಚೆ ಗೋಡೆಗೆ ಹೋಗಿ ಮೆಲ್ಲಗೆ ತಿರುಗಿ ಬರುತ್ತಿತ್ತು.

ಬಿಸಿಲೇರುವ ಮೊದಲೇ ಕೆಲಸ ಕೊನೆಗೆ ಬಂತು. ಸೈನಬ ಬೆವರು ಒರಸಿಕೊಂಡು ದಮಯಂತಿಯನ್ನು ಕೇಳಿದಳು, ದಾಳಿಂಬೆ ಹಣ್ಣಾಗುವಾಗ ಬರುತ್ತೀಯಾ ಎಂದು. ಎರಡು ಸಲ ಕೇಳಿದ ಮೇಲೆ ಅರ್ಥವಾಯಿತು. ಇನ್ಶಾ ಅಲ್ಲಾ ಎಂದುಬಿಡಬಹುದಿತ್ತು. ದಮಯಂತಿ ಇಲ್ಲ ಎಂದು ತಲೆಯಾಡಿಸಿದಳು. “ವೀಸಾ ಖಲಾಸ್. ಮುಂದಿನ ವಾರ ನಮ್ಮ ಊರಿಗೆ. ಹಿಂದ್” ಎಂದು ಕೈಯಿಂದ ಕಡಲಿನ ದಿಕ್ಕು ತೋರಿಸಿದಳು.

ಮುದುಕಿ ಕೊನೆಯ ಗೋಪುರದ ಕಡೆ ಕೋಲು ಚಾಚಿ, ಮೇಲೆ ಇನ್ನೂ ಒಂದು ಬೇಕು, ಚಪ್ಪಟೆಯದು, ಎಂದು ಅಂಗೈ ಮಾಡಿ ತೋರಿಸಿದಳು. ದಮಯಂತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಥದೊಂದು ಕಲ್ಲು ಹುಡುಕುತ್ತ ಇಳಿಜಾರಿನಲ್ಲಿ ನಿಧಾನ ಹೆಜ್ಜೆ ಇಟ್ಟಳು.